ಬುದ್ಧನ ಸ್ಟೇಟಸ್ ಹಾಕೋರು ಒಮ್ಮೆ ಮಾರಿಕುಪ್ಪಂ ರೈಲು ಹತ್ತಿ

ಸೆಪ್ಟೆಂಬರ್ 21 ವಿಶ್ವ ಶಾಂತಿ ದಿನ. ಅವತ್ತು ನಮ್ಮ ವಾಟ್ಸಾಪ್ ಗ್ರೂಪುಗಳಿಗೆಲ್ಲ ಬುದ್ಧ ಬರ್ತಾನೆ. ಕಣ್ಣು ಮುಚ್ಚಿ ಕೂತಿರೋ ಬುದ್ಧ, ಹಿಂದೆ ಸೂರ್ಯೋದಯ, ಕೆಳಗೊಂದು ಇಂಗ್ಲಿಷ್ ಸಾಲು. ಆ ಸಾಲನ್ನು ಬುದ್ಧ ಹೇಳಿದ್ದೋ, ಯಾವುದೋ ಕಂಪನಿಯ ಎಚ್‌ಆರ್ ಬರೆದದ್ದೋ, ಯಾರೂ ನೋಡೋಕೆ ಹೋಗಲ್ಲ. ಬುದ್ಧ ಪೂರ್ಣಿಮೆಗೆ ಇನ್ನೊಂದು ಸಲ ಬರ್ತಾನೆ. ಉಳಿದ ದಿನಗಳಲ್ಲಿ ಅದೇ ಗ್ರೂಪಿಗೆ ಕಾವೇರಿ ಸುದ್ದಿ ಒಂದು ಬಿದ್ದರೆ ಸಾಕು, ಯಾರ ಮನೆಮಾತು ಯಾವುದು, ಯಾರು ಯಾವ ಕಡೆಯವರು ಅನ್ನೋ ಲೆಕ್ಕ ಶುರುವಾಗುತ್ತೆ. ಬೆಳಿಗ್ಗೆ ಹೊತ್ತಿಗೆ ಇಬ್ಬರು ಗ್ರೂಪ್ ಬಿಟ್ಟಿರ್ತಾರೆ, ಮೂರನೆಯವರು ಸುಮ್ಮನಾಗಿರ್ತಾರೆ. ಆ ಸುಮ್ಮನಿರೋದನ್ನೇ ನಾವು ಶಾಂತಿ ಅಂತ ಕರೀತೀವಿ.

ಸ್ಟೇಟಸ್ ಹಾಕಬೇಡಿ ಅಂತ ನಾವು ಹೇಳ್ತಿಲ್ಲ. ನಮ್ಮ ತಕರಾರು ಆ ಚಿತ್ರದ ಬಗ್ಗೆ. ಚಿತ್ರದಲ್ಲಿರೋ ಬುದ್ಧ ಯಾವತ್ತೂ ಬಾಯಿ ಬಿಡಲ್ಲ. ನಿಜವಾದ ಬುದ್ಧ ಜ್ಞಾನೋದಯ ಆದಮೇಲೆ ನಲವತ್ತೈದು ವರ್ಷ ಊರೂರು ನಡೆದು ಮಾತಾಡಿದ ಮನುಷ್ಯ. ರಾಜನ ಹತ್ತಿರ, ದರೋಡೆಕೋರನ ಹತ್ತಿರ, ಮಗು ಕಳಕೊಂಡ ತಾಯಿ ಹತ್ತಿರ, ಜಗಳಕ್ಕೇ ಬಂದ ಪಂಡಿತರ ಹತ್ತಿರ ಕೂಡ ಮಾತಾಡಿದ. ಅಂಥವನನ್ನು ಮೌನದ ಬ್ರಾಂಡ್ ಅಂಬಾಸಿಡರ್ ಮಾಡಿಬಿಟ್ಟಿದ್ದೀವಿ. ಒಂದು ದೇಶ ಅಂತೂ ಇನ್ನೂ ಮುಂದೆ ಹೋಯ್ತು: 1974ರ ಮೇ 18ರಂದು ಪೋಖ್ರಾನಿನಲ್ಲಿ ಅಣು ಸ್ಫೋಟ ಮಾಡಿ, ಅದನ್ನು ನಗುವ ಬುದ್ಧ ಅಂತ ಕರೀತು. ಆ ದೇಶ ನಮ್ಮದೇ.

ಹಾಗಾದರೆ ಮಾತಾಡೋ ಬುದ್ಧ ಎಲ್ಲಿದ್ದಾನೆ? ಅವನನ್ನು ಹುಡುಕೋಕೆ ಬೋಧಗಯೆಗೆ ಹೋಗೋ ಅಗತ್ಯ ಇಲ್ಲ. ಬಂಗಾರಪೇಟೆ ಜಂಕ್ಷನ್ನಿನಲ್ಲಿ ಮಾರಿಕುಪ್ಪಂ ರೈಲು ಹತ್ತಿದರೆ ಸಾಕು.

ಈ ಲೈನಿನಲ್ಲಿ ಓಡಾಡೋರಿಗೆ ಸ್ಟೇಷನ್ನುಗಳು ಬಾಯಿಪಾಠ: ಕೋರಮಂಡಲ್, ಊರಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಬಂಗಾರಪೇಟೆಯ ಹಳೆಯ ಹೆಸರು ಬೌರಿಂಗ್‌ಪೇಟೆ, ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬನ ಹೆಸರಲ್ಲಿ. ಸಾಹೇಬ ಹೋದ, ಬಂಗಾರ ಉಳೀತು. ಅಲ್ಲಿಂದ ಆಚೆ ಇರೋದು ಗಣಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಮೇಲೆ ಈ ಒಣ ನೆಲಕ್ಕೆ ಸಾವಿರಾರು ಜನ ಬಂದರು. ಬಹುಪಾಲು ಜನ ತಮಿಳು ಸೀಮೆಯ ಆರ್ಕಾಟು ಜಿಲ್ಲೆಗಳಿಂದ ಬಂದವರು. ಅವರಲ್ಲಿ ಹೆಚ್ಚಿನವರು ತಮ್ಮ ಊರಲ್ಲಿ ಯಾರ ಜಗಲಿಯನ್ನೂ ಹತ್ತೋ ಹಾಗಿಲ್ಲದ ಜಾತಿಯವರು. ಇಲ್ಲಿ ಅವರು ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದರು. ಬಂಡೆ ತಾನಾಗಿ ಸಿಡಿಯೋ ಜಾಗಕ್ಕೆ, ಶ್ವಾಸಕೋಶಕ್ಕೆ ಸಿಲಿಕಾ ದೂಳು ಕೂರೋ ಜಾಗಕ್ಕೆ. ಮೇಲೆ ಬಂದರೆ ಒಂದು ಕಡೆ ಸಾಹೇಬರ ಬಂಗಲೆ, ಕ್ಲಬ್ಬು. ಇನ್ನೊಂದು ಕಡೆ ಕೂಲಿಕಾರರ ಲೈನು ಮನೆ.

ನೀವು ನೋಡಿದ ಸಿನಿಮಾದಲ್ಲಿ ಇವರು ಬರೋದಿಲ್ಲ. ಸಿನಿಮಾದಲ್ಲಿ ಇರೋದು ನರಾಚಿ, ಅಲ್ಲಿ ಗುಲಾಮರು ಇದ್ದಾರೆ, ಅವರನ್ನು ಬಿಡಿಸೋಕೆ ಒಬ್ಬ ಹೀರೋ ಸುತ್ತಿಗೆ ಹಿಡ್ಕೊಂಡು ಬರ್ತಾನೆ. ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಸಖತ್ತಾಗಿದೆ, ಒಪ್ಕೊಳ್ಳೋಣ. ಆದ್ರೆ ನಿಜವಾದ ಕೆಜಿಎಫ್‌ನ ಕೂಲಿಕಾರರು ಹೀರೋ ಬರಲಿ ಅಂತ ಕಾಯಲಿಲ್ಲ. ಅವರು ಒಂದು ವಾರಪತ್ರಿಕೆ ತರಿಸಿಕೊಂಡರು.

ಆ ಪತ್ರಿಕೆಯ ಹೆಸರು 'ಒರು ಪೈಸಾ ತಮಿಳನ್', ಆಮೇಲೆ ಬರೀ 'ತಮಿಳನ್'. ಬೆಲೆ ಹೆಸರಲ್ಲೇ ಇದೆ, ಒಂದು ಪೈಸೆ. 1907ರಲ್ಲಿ ಮದ್ರಾಸಿನಲ್ಲಿ ಇದನ್ನು ಶುರು ಮಾಡಿದವರು ಪಂಡಿತ ಅಯೋತಿದಾಸ್, ಸಿದ್ಧ ವೈದ್ಯರು. 1898ರಲ್ಲಿ ಅವರು ಕರ್ನಲ್ ಆಲ್ಕಾಟ್ ಜೊತೆ ಸಿಲೋನಿಗೆ ಹೋಗಿ ಬೌದ್ಧರಾದರು, ವಾಪಸ್ ಬಂದು ಮದ್ರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. ನಾಗಪುರದಲ್ಲಿ ಅಂಬೇಡ್ಕರ್ ಲಕ್ಷಾಂತರ ಜನರ ಜೊತೆ ಬೌದ್ಧರಾಗಿದ್ದು 1956ರ ಅಕ್ಟೋಬರ್ 14ಕ್ಕೆ. ಅಂದ್ರೆ ಅದಕ್ಕಿಂತ ಸುಮಾರು ಅರ್ಧ ಶತಮಾನ ಮೊದಲೇ ಮಾರಿಕುಪ್ಪಂನಲ್ಲಿ, ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕೆಲಸಗಾರರ ಬೌದ್ಧ ಸಂಘಗಳು ನಡೀತಿದ್ವು. ಈ ಸಂಘದ ಶಾಖೆಗಳು ರಂಗೂನಿನಲ್ಲಿದ್ದವು, ದಕ್ಷಿಣ ಆಫ್ರಿಕಾದ ನಟಾಲಿನಲ್ಲಿದ್ದವು. ಕೂಲಿಗೆ ಹಡಗು ಹತ್ತಿದವರ ಜೊತೆಗೇ ಬುದ್ಧನೂ ಹೋದ. ಆದ್ರೆ ಎಲ್ಲಕ್ಕಿಂತ ಗಟ್ಟಿಯಾಗಿ ಬೇರು ಬಿಟ್ಟ ಜಾಗಗಳಲ್ಲಿ ನಮ್ಮ ಈ ಗಣಿ ಊರು ಒಂದು. ಅಯೋತಿದಾಸರು 1914ರಲ್ಲಿ ತೀರಿಕೊಂಡರು. 1920ರ ದಶಕದಲ್ಲಿ 'ತಮಿಳನ್' ಮತ್ತೆ ಶುರುವಾದಾಗ ಅದು ಹೊರಟಿದ್ದು ಮದ್ರಾಸಿಂದಲ್ಲ, ಇದೇ ಕೋಲಾರ ಗೋಲ್ಡ್ ಫೀಲ್ಡ್ಸ್‌ನಿಂದ. ಸಂಪಾದಕರು ಅಪ್ಪಾದೊರೈಯಾರ್. ಅಯೋತಿದಾಸರ ಪುಸ್ತಕಗಳನ್ನು ಅಚ್ಚು ಹಾಕಿದ ಸಿದ್ಧಾರ್ಥ ಪ್ರೆಸ್ ಕೂಡ ಇಲ್ಲಿಯದೇ.

ಇಲ್ಲಿ ಒಂದು ನಿಮಿಷ ನಿಲ್ಲಿ. ಹಗಲು ಪಾಳಿ ಮುಗಿಸಿ, ಮೈಮೇಲಿನ ಗಣಿ ದೂಳು ತೊಳಕೊಂಡು, ಸಂಜೆ ಲೈನಿನ ಸಂಘದ ಕೋಣೆಯಲ್ಲಿ ಕೂತು ಒಬ್ಬ ಓದೋದು, ಉಳಿದವರು ಕೇಳೋದು. ಕೇಳಿ ಪ್ರಶ್ನೆ ಹಾಕೋದು. ಓದುಗರು ಕಳಿಸಿದ ಪ್ರಶ್ನೆಗೆ ಉತ್ತರ ಕೊಡೋ ಪದ್ಧತಿ ಆ ಪತ್ರಿಕೆಯಲ್ಲಿತ್ತು. ನಮ್ಮನ್ನು ಕೀಳು ಅಂತ ಯಾರು ಮಾಡಿದರು, ಯಾವಾಗ ಮಾಡಿದರು, ಅದಕ್ಕೆ ಮೊದಲು ನಾವು ಯಾರಾಗಿದ್ದೆವು? ಅಯೋತಿದಾಸರ ಉತ್ತರ, ನಾವು ಮೂಲತಃ ಬೌದ್ಧರು ಅನ್ನೋದು. ಇತಿಹಾಸಕಾರರು ಇದನ್ನು ಪೂರ್ತಿ ಒಪ್ತಾರಾ ಅನ್ನೋದು ಬೇರೆ ಚರ್ಚೆ. ನಮಗೆ ಮುಖ್ಯ ಅನ್ನಿಸೋದು ಅವರ ಜೊತೆ ಯಾರೂ ಮಾತಾಡದಿದ್ದ ಕಾಲದಲ್ಲಿ ಅವರು ತಮ್ಮೊಳಗೆ ಮಾತು ಶುರು ಮಾಡಿದ್ದು. ಮಕ್ಕಳಿಗೆ ಶಾಲೆ ನಡೆಸಿದರು. ಮದುವೆ, ಸಾವಿನ ಕಾರ್ಯ ಪುರೋಹಿತರಿಲ್ಲದೆ ಬೌದ್ಧ ರೀತಿಯಲ್ಲಿ ಮಾಡಿಕೊಂಡರು. ಇವರ ಜೊತೆಗಿದ್ದ ಇನ್ನೊಬ್ಬರು ಪಿ. ಲಕ್ಷ್ಮೀ ನರಸು, ಮದ್ರಾಸಿನಲ್ಲಿ ವಿಜ್ಞಾನದ ಪ್ರೊಫೆಸರ್. ಬೌದ್ಧ ಧರ್ಮವನ್ನು ತರ್ಕಕ್ಕೆ ಹಚ್ಚಿ ಅವರು 1907ರಲ್ಲಿ ಬರೆದ ಇಂಗ್ಲಿಷ್ ಪುಸ್ತಕಕ್ಕೆ ಮುಂದೆ 1948ರಲ್ಲಿ ಅಂಬೇಡ್ಕರ್ ಅವರೇ ಮುನ್ನುಡಿ ಬರೆದು ಮತ್ತೆ ಅಚ್ಚು ಹಾಕಿಸಿದರು. ಲ್ಯಾಬ್ ಕೋಟ್ ಹಾಕಿದವರಿಗೆ ಇಂಥ ವಿಷಯ ಸೇರಲ್ಲ ಅನ್ನೋರಿಗೆ ಈ ಮಾತು.

ಈಗ ನದಿ ವಿಷಯಕ್ಕೆ ಬರೋಣ. ಶಾಂತಿ ಅಂತ ಶುರು ಮಾಡಿ ನದಿ ಯಾಕೆ ಅಂತ ಕೇಳಬಹುದು. ಅಂಬೇಡ್ಕರ್ ಬರೆದ 'ಬುದ್ಧ ಅಂಡ್ ಹಿಸ್ ಧಮ್ಮ' ಓದಿದರೆ ಬುದ್ಧನ ಕತೆಯೇ ನದಿ ಜಗಳದಿಂದ ಶುರು ಆಗೋದು. ಚಿಕ್ಕ ಮಕ್ಕಳಿಗೆ ಹೇಳೋ ಕತೆ ನಮಗೆಲ್ಲ ಗೊತ್ತು: ರಾಜಕುಮಾರ ಒಂದು ದಿನ ಮುದುಕನನ್ನು ನೋಡಿದ, ರೋಗಿಯನ್ನು ನೋಡಿದ, ಹೆಣ ನೋಡಿದ, ಮನೆ ಬಿಟ್ಟ. ಅಂಬೇಡ್ಕರ್ ಇದನ್ನು ಒಪ್ಪೋದಿಲ್ಲ. ಇಪ್ಪತ್ತೊಂಬತ್ತು ವರ್ಷದವರೆಗೆ ಒಬ್ಬ ಮುದುಕನನ್ನೂ ನೋಡದೆ ಇರೋಕೆ ಹೇಗೆ ಸಾಧ್ಯ ಅಂತ ಅವರ ಪ್ರಶ್ನೆ. ನೇರ ಪ್ರಶ್ನೆ, ನಮ್ಮ ವೈವಾದಲ್ಲಿ ಬರೋ ಥರದ್ದು.

ಅವರು ಹೇಳೋ ಕತೆ ಹೀಗಿದೆ. ಶಾಕ್ಯರ ರಾಜ್ಯಕ್ಕೂ ಕೋಲಿಯರ ರಾಜ್ಯಕ್ಕೂ ನಡುವೆ ರೋಹಿಣಿ ನದಿ. ಎರಡೂ ಕಡೆ ಹೊಲಕ್ಕೆ ಅದೇ ನೀರು. ಪ್ರತಿ ವರ್ಷ ಯಾರಿಗೆ ಮೊದಲು, ಯಾರಿಗೆ ಎಷ್ಟು ಅನ್ನೋ ಜಗಳ. ಒಂದು ವರ್ಷ ಹೊಡೆದಾಟ ಆಗಿ ಎರಡೂ ಕಡೆ ಜನರಿಗೆ ಗಾಯ ಆಯ್ತು. ಶಾಕ್ಯರ ಸಂಘದ ಸಭೆ ಸೇರಿತು, ಸೇನಾಪತಿ ಯುದ್ಧದ ನಿರ್ಣಯ ಮಂಡಿಸಿದ. ಇಪ್ಪತ್ತೆಂಟು ವರ್ಷದ ಸಿದ್ಧಾರ್ಥ ಎದ್ದು ನಿಂತು ಬೇಡ ಅಂದ. ಮೊದಲು ತಪ್ಪು ಯಾರದು ಅಂತ ನೋಡೋಣ, ನಮ್ಮವರ ಕೈಯೂ ಇದರಲ್ಲಿದೆ ಅನ್ನೋದು ಅವನ ಮಾತು. ಅಷ್ಟಕ್ಕೇ ನಿಲ್ಲಲಿಲ್ಲ, ಒಂದು ವಿಧಾನ ಕೂಡ ಹೇಳಿದ: ನಮ್ಮಿಂದ ಇಬ್ಬರು, ಅವರಿಂದ ಇಬ್ಬರು, ಆ ನಾಲ್ವರು ಸೇರಿ ಐದನೆಯವನನ್ನು ಆರಿಸಲಿ, ಈ ಐವರು ಕೂತು ತೀರ್ಮಾನ ಮಾಡಲಿ. ಇದನ್ನು ಮತಕ್ಕೆ ಹಾಕಿದರು. ಸಿದ್ಧಾರ್ಥ ಭಾರೀ ಅಂತರದಲ್ಲಿ ಸೋತ.

ನಮಗೆ ಈ ಸೋಲು ತುಂಬ ಇಷ್ಟ ಆಯ್ತು. ಶಾಂತಿ, ಮಾತುಕತೆ ಅಂದರೆ ಭಾಷಣದಲ್ಲಿ ಎಲ್ಲರೂ ಚಪ್ಪಾಳೆ ಹೊಡೀತಾರೆ. ಮತಕ್ಕೆ ಹಾಕಿದರೆ ಕೈ ಏಳೋದಿಲ್ಲ. ಮರುದಿನ ಸೇನಾಪತಿ ಇಪ್ಪತ್ತರಿಂದ ಐವತ್ತು ವಯಸ್ಸಿನ ಗಂಡಸರೆಲ್ಲ ಸೈನ್ಯಕ್ಕೆ ಸೇರಬೇಕು ಅಂತ ನಿರ್ಣಯ ತಂದ. ಸಿದ್ಧಾರ್ಥ ಸೇರಲ್ಲ ಅಂದ. ಸೇರದಿದ್ದರೆ ಗಲ್ಲು ಅಥವಾ ಗಡೀಪಾರು, ಮನೆಯವರಿಗೆ ಸಾಮಾಜಿಕ ಬಹಿಷ್ಕಾರ, ಜಮೀನು ಮುಟ್ಟುಗೋಲು. ಮನೆಯವರಿಗೆ ಶಿಕ್ಷೆ ಬೇಡ ಅಂತ ಅವನು ತಾನೇ ಊರು ಬಿಟ್ಟ. ಅಂಬೇಡ್ಕರ್ ಪ್ರಕಾರ ಬುದ್ಧ ಮನೆ ಬಿಟ್ಟದ್ದು ಸಂಸಾರ ಬೇಜಾರಾಗಿ ಅಲ್ಲ. ನೀರಿನ ಜಗಳವನ್ನು ಕೂತು ಮಾತಾಡಿ ಬಗೆಹರಿಸೋಣ ಅಂದಿದ್ದಕ್ಕೆ. ಪಾಲಿ ಸಂಪ್ರದಾಯದ ಹಳೆ ಕತೆಯಲ್ಲಿ ಬುದ್ಧ ಬಹಳ ಆಮೇಲೆ ಇದೇ ರೋಹಿಣಿ ದಡಕ್ಕೆ ಬಂದು, ಆಯುಧ ಹಿಡಿದು ನಿಂತ ಎರಡೂ ಕಡೆಯವರಿಗೆ ನೀರಿನ ಬೆಲೆ ಜಾಸ್ತಿಯೋ ಮನುಷ್ಯರ ರಕ್ತದ ಬೆಲೆ ಜಾಸ್ತಿಯೋ ಅಂತ ಕೇಳ್ತಾನೆ. ಎರಡು ಕತೆ ಬೇರೆ ಬೇರೆ. ನದಿ ಮಾತ್ರ ಒಂದೇ.

ನಮಗೂ ರೋಹಿಣಿ ಇದೆ. ಕಾವೇರಿ ಅಲ್ಲ, ಅದಕ್ಕಿಂತ ಹತ್ತಿರದ್ದು, ಪಾಲಾರ್. ನಂದಿ ಬೆಟ್ಟದ ಕಡೆ ಹುಟ್ಟಿ, ಕೋಲಾರ ಜಿಲ್ಲೆ ಹಾದು, ಬೇತಮಂಗಲದ ಕೆರೆ ತುಂಬಿಸಿ, ಆಂಧ್ರದ ಒಂದು ಮೂಲೆ ದಾಟಿ, ತಮಿಳುನಾಡಿನ ವಾಣಿಯಂಬಾಡಿ, ಆಂಬೂರು, ವೆಲ್ಲೂರಿನ ಕಡೆ ಇಳಿಯೋ ನದಿ. ನೀರು ಇದ್ದರೆ ಇಳಿಯುತ್ತೆ ಅನ್ನಬೇಕು, ಬಹಳ ವರ್ಷ ಮರಳು ಮಾತ್ರ. ಗಣಿಗೆ, ಗಣಿಯ ಜನಕ್ಕೆ ನೀರು ಕೊಟ್ಟದ್ದು ಬೇತಮಂಗಲ. ಈಗ ಮ್ಯಾಪ್ ತೆಗೆದು ನೋಡಿ. ಪಾಲಾರ್ ಇಲ್ಲಿಂದ ಇಳಿದು ಹೋಗೋದು ಹಳೆಯ ಉತ್ತರ ಆರ್ಕಾಟಿಗೆ. ಗಣಿ ಕೆಲಸಗಾರರು ಹತ್ತಿ ಬಂದದ್ದು ಅದೇ ಉತ್ತರ ಆರ್ಕಾಟಿನಿಂದ. ನೀರು ಕೆಳಗೆ ಹೋಯ್ತು, ಜನ ಮೇಲೆ ಬಂದರು. ಹೀಗಿರೋವಾಗ ಯಾರು ಇಲ್ಲಿಯವರು, ಯಾರು ಹೊರಗಿನವರು ಅನ್ನೋ ಲೆಕ್ಕವನ್ನು ಎಲ್ಲಿಂದ ಶುರು ಮಾಡ್ತೀರ?

ಮದ್ರಾಸ್, ಮೈಸೂರು ನಡುವಿನ 1892ರ ಒಪ್ಪಂದದಲ್ಲಿ ಕಾವೇರಿ ಮಾತ್ರ ಇರಲಿಲ್ಲ, ಪಾಲಾರ್ ಕೂಡ ಇತ್ತು. ಕಾವೇರಿಗೂ ಕೆಜಿಎಫ್‌ಗೂ ಇರೋ ನಂಟು ಇಇಇ ಬ್ರಾಂಚಿನವರಿಗೆ ಗೊತ್ತೇ ಇರುತ್ತೆ: 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿಂದ ಮಾಡಿದ ಕರೆಂಟು ಸುಮಾರು 150 ಕಿಲೋಮೀಟರ್ ತಂತಿ ಮೇಲೆ ಬಂದು ಮೊದಲು ಓಡಿಸಿದ್ದು ಈ ಗಣಿಯ ಯಂತ್ರಗಳನ್ನು. ಕನ್ನಡದ ನೆಲದ ಜಲಪಾತ, ತಮಿಳು ಮಾತಾಡೋ ಕೆಲಸಗಾರ, ಇಂಗ್ಲೆಂಡಿನ ಕಂಪನಿ. ಲಾಭ ಯಾರಿಗೆ ಹೋಯ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ನಂಟು ಇದ್ದೂ 1991ರ ಡಿಸೆಂಬರಿನಲ್ಲಿ ಏನಾಯ್ತು ಅಂತ ಮನೆಯಲ್ಲಿ ದೊಡ್ಡವರನ್ನು ಕೇಳಿ. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪಿನ ಗಲಾಟೆಯಲ್ಲಿ ಬೆಂಗಳೂರಿನಲ್ಲಿ ತಮಿಳರ ಮನೆಗಳಿಗೆ ಬೆಂಕಿ ಬಿತ್ತು, ಜನ ಸತ್ತರು, ಎಷ್ಟೋ ಕುಟುಂಬಗಳು ರಾತ್ರೋರಾತ್ರಿ ಊರು ಬಿಟ್ಟವು. ಅತ್ತ ತಮಿಳುನಾಡಿನಲ್ಲಿ ಕನ್ನಡಿಗರ ಮೇಲೂ ಕೈ ಬಿತ್ತು. 2016ರ ಸೆಪ್ಟೆಂಬರ್ 12ರದ್ದು ನಮಗೇ ನೆನಪಿರೋದು, ಆಗ ನಾವು ಪ್ರೈಮರಿ ಸ್ಕೂಲು. ಟಿವಿಯಲ್ಲಿ ಸಾಲುಸಾಲು ಬಸ್ಸು ಉರೀತಿತ್ತು. ಸುಟ್ಟವರಿಗೆ ಹೊಲ ಇತ್ತಾ, ಆ ಹೊಲಕ್ಕೆ ಕಾವೇರಿ ನೀರು ಹೋಗ್ತಿತ್ತಾ ಅಂತ ಯಾರೂ ಕೇಳಲಿಲ್ಲ. ಮಂಡ್ಯದ ರೈತನ ಸಂಕಟ ನಿಜ, ತಂಜಾವೂರಿನ ರೈತನದೂ ನಿಜ. ಆ ಇಬ್ಬರನ್ನು ಎದುರುಬದುರು ಕೂರಿಸಿ ಅವರ ಮಾತು ಅವರಿಂದಲೇ ಕೇಳಿದವರು ಬಹಳ ಕಡಿಮೆ. ಟಿವಿಯಲ್ಲಿ ಕೇಳಿಸೋದು ಅವರ ಹೆಸರಲ್ಲಿ ಬೇರೆಯವರು ಹಾಕೋ ಕೂಗು.

ಹಾಸ್ಟೆಲ್ಲಿನಲ್ಲಿ ಇದನ್ನು ಹೇಳಿದರೆ ಬರೋ ಮೊದಲ ಉತ್ತರ: ಮಾತಾಡಿದ್ರೆ ಯುದ್ಧ ನಿಲ್ಲುತ್ತಾ ಗುರು? ಯುಕ್ರೇನ್ ನೋಡು, ಗಾಜಾ ನೋಡು. 1954ರಲ್ಲಿ ಚೀನಾ ಜೊತೆ ಪಂಚಶೀಲ ಅಂತ ಬೌದ್ಧ ಹೆಸರಿಟ್ಟು ಸಹಿ ಹಾಕಿದ್ವಿ, 1962ರಲ್ಲಿ ಏನಾಯ್ತು? ಇದು ಹಗುರ ಪ್ರಶ್ನೆ ಅಲ್ಲ. ನಮ್ಮ ಉತ್ತರ ಇಷ್ಟು: ಹೌದು, ಮಾತು ಸೋಲುತ್ತೆ. ಸಿದ್ಧಾರ್ಥನದೇ ಸೋತಿತ್ತು. ಆದರೆ ಅಂಬೇಡ್ಕರ್ ಹೇಳೋ ಕತೆಯಲ್ಲಿ ಇನ್ನೊಂದು ತಿರುವು ಇದೆ, ಅದನ್ನು ಬಹಳ ಜನ ಓದೋದೇ ಇಲ್ಲ. ಅವನು ಊರು ಬಿಟ್ಟಮೇಲೆ ಶಾಕ್ಯರಲ್ಲೂ ಕೋಲಿಯರಲ್ಲೂ ಗಂಡಸರು, ಹೆಂಗಸರು, ಮಕ್ಕಳು ಯುದ್ಧ ಬೇಡ ಅಂತ ಬೀದಿಗೆ ಬಂದರು. ಕೊನೆಗೆ ಎರಡೂ ಕಡೆಯವರು ಕೂತು ನೀರಿನ ಜಗಳ ತೀರಿಸೋಕೆ ಒಂದು ಕಾಯಂ ಪಂಚಾಯ್ತಿಯನ್ನೇ ಮಾಡಿಕೊಂಡರು. ಸೋತ ನಿರ್ಣಯ ತಡವಾಗಿ ಪಾಸಾಯ್ತು.

ಈ ಸುದ್ದಿ ಸಿದ್ಧಾರ್ಥನಿಗೆ ತಲುಪಿತು. ಇನ್ನು ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಯಾಕೆ ಅನ್ನೋದೇ ಇಡೀ ವಿಷಯದ ಗಂಟು. ರಾಜ್ಯ ರಾಜ್ಯಗಳ ನಡುವಿನ ಯುದ್ಧ ಆಗೊಮ್ಮೆ ಈಗೊಮ್ಮೆ ಬರೋದು. ಸಮಾಜದೊಳಗೆ ಮೇಲಿನವರಿಗೂ ಕೆಳಗಿನವರಿಗೂ ನಡುವೆ ಇರೋ ತಿಕ್ಕಾಟ ಮಾತ್ರ ನಿಲ್ಲೋದೇ ಇಲ್ಲ, ದುಃಖದ ಬೇರು ಅಲ್ಲಿದೆ ಅಂತ ಅವನಿಗೆ ಅನ್ನಿಸಿತು. ಅದಕ್ಕೆ ಉತ್ತರ ಹುಡುಕೋಕೆ ಮುಂದಕ್ಕೆ ಹೋದ.

ಹಾಗಾಗಿ ವಿಶ್ವಶಾಂತಿ ಅಂತ ಮಾತಾಡೋವಾಗ ನಮ್ಮ ಜಿಲ್ಲೆಯವರು ಕಂಬಾಲಪಲ್ಲಿಯನ್ನು ದಾಟಿ ಹೋಗೋಕೆ ಆಗಲ್ಲ. ಚಿಂತಾಮಣಿ ತಾಲೂಕು, ಆಗ ಕೋಲಾರ ಜಿಲ್ಲೆ. 2000ದ ಮಾರ್ಚ್ 11ರಂದು ಅಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಸುಟ್ಟು ಕೊಂದರು. ಕೇಸು ನಡೀತು, ಸಾಕ್ಷಿಗಳು ತಿರುಗಿಬಿದ್ದರು, ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡೀತು. ಏಳು ಜನ ಸತ್ತಿದ್ದು ನಿಜ, ಕೊಂದವರು ಕಾನೂನಿನ ಪ್ರಕಾರ ಯಾರೂ ಇಲ್ಲ. ಆಮೇಲೆ ಯಾವ ಗಲಾಟೆಯೂ ಇಲ್ಲ ಅಂದರೆ ಅದಕ್ಕೆ ಶಾಂತಿ ಅನ್ನೋಣವಾ? 'ಎರಡೂ ಕಡೆಯವರು ಕೂತು ಮಾತಾಡಿ' ಅಂತ ಅಲ್ಲಿ ಹೋಗಿ ಹೇಳೋಕೆ ನಮಗೆ ಬಾಯಿ ಬರಲ್ಲ. ಒಬ್ಬ ಕುರ್ಚಿ ಮೇಲೆ, ಇನ್ನೊಬ್ಬ ನೆಲದ ಮೇಲೆ ಕೂತಿದ್ದರೆ ಅದು ಮಾತುಕತೆ ಅಲ್ಲ, ಅಪ್ಪಣೆ. ಮಾರಿಕುಪ್ಪಂನವರು ಬುದ್ಧನನ್ನು ಹಿಡಿದದ್ದು ಮನಸ್ಸಿಗೆ ನೆಮ್ಮದಿ ಸಿಗಲಿ ಅಂತ ಮಾತ್ರ ಅಲ್ಲ, ಮೊದಲು ಸಮಾನವಾಗಿ ಕೂರೋಕೆ ಒಂದು ಜಾಗ ಬೇಕು ಅಂತ. ಶಾಂತಿ ಅನ್ನೋ ಪದವನ್ನು ಅವರ ಕಡೆಯಿಂದ ನೋಡಿದರೆ ಧ್ಯಾನದ ಆಪ್‌ಗಳ ಬುದ್ಧ ಸ್ವಲ್ಪ ಪೇಲವವಾಗಿ ಕಾಣ್ತಾನೆ.

ಕನ್ನಡ ಸಂಘದ ಪತ್ರಿಕೆಯಲ್ಲಿ ತಮಿಳು ಕೂಲಿಕಾರರ ಕತೆ ಯಾಕೆ ಅನ್ನೋರೂ ಇರ್ತಾರೆ. ಅವರಿಗೆ ಎರಡು ವಿಷಯ ಹೇಳಬೇಕು.

ಒಂದು, ಅಶೋಕ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1980ರ ದಶಕದಲ್ಲಿ ಗುಡಿಯೊಂದರಲ್ಲಿ ಸಿಕ್ಕ ಕಲ್ಲಿನ ಮೇಲೆ ಅಶೋಕನ ಶಾಸನಗಳಿವೆ. ಅವುಗಳಲ್ಲಿ ಹನ್ನೆರಡನೇ ಶಾಸನವೂ ಇದೆ. ಅದರ ತಿರುಳು ನಾಲಿಗೆಯ ಬಗ್ಗೆ: ಕಾರಣವಿಲ್ಲದೆ ನಿನ್ನ ಪಂಥವನ್ನು ಹೊಗಳಬೇಡ, ಇನ್ನೊಬ್ಬರದನ್ನು ತೆಗಳಬೇಡ, ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸ್ಕೊಳ್ಳಿ ಅನ್ನೋ ಅರ್ಥದ್ದು. ಎರಡು ಸಾವಿರ ವರ್ಷಕ್ಕೂ ಹಳೆಯ ಈ ಮಾತು ನಮ್ಮ ನೆಲದ್ದೇ. ಮಸ್ಕಿಯ ಶಾಸನದ ಕತೆ ಇನ್ನೂ ಮಜಾ ಇದೆ. ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಗಟ್ಟಿ ಮಾಡಿದ ಆ ಶಾಸನವನ್ನು 1915ರಲ್ಲಿ ಕಂಡುಹಿಡಿದವನು ಬೀಡನ್ ಅನ್ನೋ ಇಂಜಿನಿಯರ್. ಅವನು ಆ ಕಡೆ ಹುಡುಕ್ತಾ ಇದ್ದದ್ದು ಚಿನ್ನ!

ಎರಡು, ಕವಿರಾಜಮಾರ್ಗ. ನಮಗೆ ಸಿಕ್ಕಿರೋ ಕನ್ನಡ ಪುಸ್ತಕಗಳಲ್ಲೇ ಹಳೆಯದು, ಒಂಬತ್ತನೇ ಶತಮಾನದ್ದು. ಕಾವೇರಿಯಿಂದ ಗೋದಾವರಿವರೆಗಿನ ನಾಡು ಅನ್ನೋದನ್ನು ಮಾತ್ರ ನಾವು ಪೋಸ್ಟರ್ ಮೇಲೆ ಹಾಕ್ತೀವಿ. ಅದೇ ಪುಸ್ತಕದಲ್ಲಿ ಕವಿ ಚಿನ್ನಕ್ಕೆ ಬೇರೆಯೇ ಅರ್ಥ ಕೊಡ್ತಾನೆ. ಇನ್ನೊಬ್ಬರ ವಿಚಾರವನ್ನೂ ಧರ್ಮವನ್ನೂ ಸೈರಿಸೋ ಶಕ್ತಿ ಇದೆಯಲ್ಲ, ಅದನ್ನು ಅವನು ಬಂಗಾರ ಅಂತಾನೆ. ಬಂಗಾರಪೇಟೆಯವರು ಇದನ್ನು ಊರ ಬೋರ್ಡಿನ ಮೇಲೆ ಬರೆಸಿದರೂ ತಪ್ಪಿಲ್ಲ.

ನಾವು ಇಂಜಿನಿಯರಿಂಗ್‌ನವರು, ಇದೆಲ್ಲ ಆರ್ಟ್ಸ್‌ನವರ ವಿಷಯ ಅನ್ನೋದು ಕೊನೆ ನೆಪ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ಎರಡು ಕಿಲೋಮೀಟರಿಗಿಂತ ಆಳದಲ್ಲಿ, ವಾತಾವರಣದಿಂದ ಬರೋ ನ್ಯೂಟ್ರಿನೋಗಳ ಗುರುತು ಜಗತ್ತಿನಲ್ಲಿ ಮೊದಲ ಬಾರಿಗೆ ಸಿಕ್ಕಿದ್ದು ನಿಮಗೆ ಗೊತ್ತಿರಬಹುದು. ಆ ಪ್ರಯೋಗ ಮಾಡಿದವರು ಮುಂಬಯಿಯ ಟಿಐಎಫ್‌ಆರ್, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಂನವರು. ಇಪ್ಪತ್ತೊಂದು ವರ್ಷದ ಹಿಂದೆ, 1944ರಲ್ಲಿ, ಇದೇ ಮೂರು ದೇಶದವರು ಕೊಹಿಮಾದಲ್ಲಿ ಒಬ್ಬರನ್ನೊಬ್ಬರು ಕೊಲ್ತಾ ಇದ್ದರು. ಗಣಿಯ ಪಂಜರ ಹತ್ತಿ ಒಟ್ಟಿಗೆ ಕೆಳಗೆ ಇಳಿದ ಮೇಲೆ ಅವರೆಲ್ಲ ಕಾದದ್ದು ಒಂದೇ ಕಣಕ್ಕೆ. ನಾಳೆ ನಮ್ಮಲ್ಲೂ ಕೆಲವರು ರಕ್ಷಣಾ ವಾಹನ ಮಾಡೋ ಕಾರ್ಖಾನೆಗೋ, ಕ್ಷಿಪಣಿ ಲ್ಯಾಬಿಗೋ ಕೆಲಸಕ್ಕೆ ಹೋಗ್ತೀವಿ. ಕೆಜಿಎಫ್‌ನ ಬೆಮೆಲ್ ಗೇಟಿನ ಮುಂದೆ ಓಡಾಡಿ ಬೆಳೆದವರಿಗೆ ಇದು ಹೊಸ ವಿಷಯ ಅಲ್ಲ. ಸಿದ್ಧಾರ್ಥನ ಥರ ಸೇರಲ್ಲ ಅನ್ನಿ ಅಂತ ನಾವು ಹೇಳೋದಿಲ್ಲ, ಎಜುಕೇಷನ್ ಲೋನ್ ಎಲ್ಲರ ಮನೆಯಲ್ಲೂ ಇದೆ. ಆದ್ರೆ ಸಭೆಯಲ್ಲಿ ಎದ್ದು ನಿಂತು 'ತಪ್ಪು ಯಾರದು ಅಂತ ಮೊದಲು ನೋಡೋಣ' ಅನ್ನೋಕೆ ಬರಬೇಕು. ಅದನ್ನು ಕಲಿಯೋ ಜಾಗ ಕ್ಯಾಂಪಸ್ಸೇ. ಪ್ಲೇಸ್‌ಮೆಂಟ್ ಆದಮೇಲೆ ಟ್ರೇನಿಂಗ್‌ನಲ್ಲಿ ಅದನ್ನು ಹೇಳಿಕೊಡಲ್ಲ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಈಗ ಮಾರಿಕುಪ್ಪಂನಿಂದ ಬೆಳಗಿನ ಕತ್ತಲಲ್ಲಿ ಹೊರಡೋ ರೈಲಿನಲ್ಲಿ ಗಣಿಯವರ ಮಕ್ಕಳು, ಮೊಮ್ಮಕ್ಕಳು ಬೆಂಗಳೂರಿಗೆ ಕೆಲಸಕ್ಕೆ ಹೋಗ್ತಾರೆ. ಬಂಗಾರಪೇಟೆಯಲ್ಲಿ ನಮ್ಮ ಕಡೆಯವರು ಹತ್ತುತ್ತಾರೆ. ಸೀಟಿಗೆ ತಮಿಳಲ್ಲಿ ಜಗಳ ಶುರುವಾಗಿ, ತೆಲುಗಲ್ಲಿ ಮುಂದುವರಿದು, ಕನ್ನಡದಲ್ಲಿ ರಾಜಿಯಾಗಿ, ಮೂರನೆಯವನಿಗೂ ಜಾಗ ಮಾಡಿ ಕೊಡ್ತಾರೆ. ಇದನ್ನು ಯಾರೂ ವಿಶ್ವಶಾಂತಿ ಅಂತ ಕರೆಯಲ್ಲ. ಆದ್ರೆ ನಮ್ಮ ರಾಜ್ಯೋತ್ಸವಕ್ಕೆ ಕೆಜಿಎಫ್ ಕಡೆ ಫ್ರೆಂಡ್ಸ್ ಬರೋದು ಕಡಿಮೆ. ಇದು ನಿಮ್ಮದು ಕಣೋ ಅಂತಾರೆ. ಅವರಲ್ಲಿ ಬಹಳ ಜನ ನಮಗಿಂತ ಚೆನ್ನಾಗಿ ಕನ್ನಡ ಮಾತಾಡ್ತಾರೆ, ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೇ ಒತ್ತಕ್ಷರದಲ್ಲಿ ಕೈ ನಡುಗುತ್ತೆ.

ಅದಕ್ಕೆ ಸಂಘದ ಮುಂದೆ ನಮ್ಮ ಪ್ರಸ್ತಾಪ. ಮತಕ್ಕೆ ಹಾಕಿ, ಸೋತರೆ ಮುಂದಿನ ತಿಂಗಳು ಮತ್ತೆ ತರ್ತೀವಿ. ತಿಂಗಳಿಗೆ ಒಂದು ಸಂಜೆ, ಕುರ್ಚಿ ಇಲ್ಲದೆ ಎಲ್ಲರೂ ಜಮಖಾನದ ಮೇಲೆ. ಒಂದು ವಿಷಯ, ಇಬ್ಬರು ಆ ಕಡೆಯವರು, ಇಬ್ಬರು ಈ ಕಡೆಯವರು, ಆ ನಾಲ್ವರು ಆರಿಸಿದ ಒಬ್ಬರು ಸಭೆ ನಡೆಸೋರು. ಇಂಗ್ಲಿಷ್, ಕನ್ನಡ, ತಮಿಳು, ತೆಲುಗು ಯಾವುದರಲ್ಲಿ ಬೇಕಾದರೂ ಮಾತಾಡಬಹುದು, ಅರ್ಥ ಆಗದವರಿಗೆ ಪಕ್ಕದವರು ಹೇಳಬೇಕು. ತಮಿಳು ಓದೋಕೆ ಬರೋ ಗೆಳೆಯರು 'ತಮಿಳನ್' ಪತ್ರಿಕೆಯ ಬರಹಗಳನ್ನು ಓದಿ ಹೇಳಲಿ, ನಾವು ಕನ್ನಡದಲ್ಲಿ ಬರ್ಕೊಳ್ತೀವಿ, ಈ ಮ್ಯಾಗಜೀನ್‌ನಲ್ಲೇ ಹಾಕೋಣ. ಮೊದಲ ಸಂಜೆಯ ವಿಷಯ ಪಾಲಾರ್: ಬೇತಮಂಗಲದ ಕೆರೆ ತುಂಬಿದರೆ ಎಷ್ಟು ನೀರು ಕೆಳಗೆ ಬಿಡಬೇಕು. ಸಿವಿಲ್‌ನವರು ಲೆಕ್ಕ ತರಲಿ, ಕ್ಯಾಚ್‌ಮೆಂಟ್ ಏರಿಯಾ ಸಮೇತ. ಬಂಗಾರಪೇಟೆಯ ಬಿಳಿ ನೀರಿನ ಪಾನಿಪುರಿ ತರೋ ಜವಾಬ್ದಾರಿ ನಮ್ಮದು, ಪಾರ್ಸಲ್ ಮಾಡಿದರೆ ಪೂರಿ ಮೆತ್ತಗಾಗುತ್ತೆ ಅಂತ ಗೊತ್ತು, ಪೂರಿ ಬೇರೆ ನೀರು ಬೇರೆ ತರ್ತೀವಿ.